ಆಯಿಲ್ ಫಿಲ್ಟರ್ ಬದಲಿಸುವಾಗ ಹಳೆಯದರ ಮೇಲೆ ಕಣ್ಣಿರಲಿ

ಗ್ಯಾರೇಜಿಗೆ ಹೊಸದಾಗಿ ಸೇರುವ ಹುಡುಗರಿಗೆ ಮೊದಲು ಸಿಗುವ ಕೆಲಸ ಆಯಿಲ್ ಸರ್ವಿಸ್. ಆದರೆ ಹಳೆಯ ಡೀಸೆಲ್ ಫೋರ್ ಬೈ ಫೋರ್ ಗಾಡಿ ಬಂದರೆ ನಾನೂ ಪಕ್ಕದಲ್ಲಿ ನಿಲ್ಲುತ್ತೇನೆ. ಕೆಲಸ ಕಷ್ಟ ಅಂತಲ್ಲ. ಹುಡುಗರ ಗಮನವೆಲ್ಲ ಡಬ್ಬಿಯಿಂದ ತೆಗೆದ ಹೊಸ ಫಿಲ್ಟರ್ ಮೇಲಿರುತ್ತದೆ. ನನ್ನ ಪ್ರಕಾರ ಜಾಸ್ತಿ ಹೊತ್ತು ನೋಡಬೇಕಾದ್ದು ಬಿಚ್ಚಿದ ಹಳೆಯದನ್ನು.

ಮೊದಲು ಎಂಜಿನ್ ಸ್ವಲ್ಪ ಬಿಸಿಯಾಗಲಿ. ಕೈ ಸುಡುವಷ್ಟು ಬೇಡ. ಬೆಚ್ಚಗಿನ ಆಯಿಲ್ ತೆಳ್ಳಗಿರುತ್ತದೆ, ಜೊತೆಗೆ ಗಸಿಯನ್ನೂ ಎಳೆದುಕೊಂಡು ಇಳಿಯುತ್ತದೆ. ಕಾಡುಮೇಡು ಸುತ್ತಿದ ಗಾಡಿಯಾದರೆ ಕೆಳಗಿನ ಗಾರ್ಡ್ ಮತ್ತು ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ನಡುವೆ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಗಾರ್ಡ್ ಬಿಚ್ಚಿ, ಮಣ್ಣು ಕೆರೆದು, ಆಮೇಲೆ ಆಯಿಲ್ ಇಳಿಸುವ ಡ್ರೈನ್ ಪ್ಲಗ್‌ಗೆ ಕೈ ಹಾಕಿ. ಗಾಡಿ ಎತ್ತಿದ್ದರೆ ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಇಡಿ. ಕೈಗೆ ಗ್ಲೌಸ್ ಇರಲಿ. ಹಳೆಯ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ.

ಫಿಲ್ಟರ್ ಹಟ ಹಿಡಿದು ಕೂತಿದ್ದರೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸುವ ಅಭ್ಯಾಸ ಕೆಲವರಿಗಿದೆ. ತೆಳು ತಗಡು ಹರಿದುಹೋಗುತ್ತದೆ, ಆಮೇಲೆ ಹಿಡಿಯಲು ಜಾಗವೇ ಇರುವುದಿಲ್ಲ. ಸುತ್ತ ಎಮರಿ ಪೇಪರ್ ಸುತ್ತಿ ಕೈಯಲ್ಲೇ ತಿರುಗಿಸಿ ನೋಡಿ. ಬರಲಿಲ್ಲ ಅಂದರೆ ಚೈನ್ ರೆಂಚ್ ಹಾಕಿ. ಅಡ್ಡ ಕೂತ ಫಿಲ್ಟರ್ ಆದರೆ ಸಡಿಲವಾದ ಕೂಡಲೇ ಅದಕ್ಕೊಂದು ಪ್ಲಾಸ್ಟಿಕ್ ಕವರ್ ತೊಡಿಸಿ. ಇಲ್ಲವಾದರೆ ಆಯಿಲ್ ಸೀದಾ ಎಂಜಿನ್ ಮೌಂಟಿಂಗ್ ರಬ್ಬರ್ ಮೇಲೋ ಆಕ್ಸಲ್ ಮೇಲೋ ಸುರಿಯುತ್ತದೆ.

ಫಿಲ್ಟರ್ ಕೈಗೆ ಬಂತು. ಈಗ ಅದನ್ನು ಬುಟ್ಟಿಗೆ ಎಸೆಯುವ ಮುಂಚೆ ತಿರುಗಿಸಿ ಮೇಲ್ಭಾಗ ನೋಡಿ. ರಬ್ಬರ್ ಸೀಲ್ ಅದರ ಮೇಲೆ ಇದೆಯಾ? ಇಲ್ಲವಾದರೆ ಅದು ಎಂಜಿನ್ ಕಡೆಯೇ ಅಂಟಿಕೊಂಡಿದೆ ಅಂತ ಅರ್ಥ. ಬಿಸಿಗೆ ಗಟ್ಟಿಯಾದ ಕಪ್ಪು ರಬ್ಬರ್, ಅದರ ಮೇಲೆ ಕಪ್ಪು ಆಯಿಲ್. ಕಣ್ಣಿಗೆ ಕಾಣುವುದೇ ಇಲ್ಲ. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಸೀಲ್ ಮೇಲೆ ಸೀಲ್ ಆಯಿತು. ನಿಂತಲ್ಲಿ ಐಡಲ್ ಓಡಿಸಿದಾಗ ಒಂದು ಹನಿಯೂ ಬೀಳದೇ ಇರಬಹುದು. ತಣ್ಣಗಿನ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಪ್ರೆಶರ್ 4 ಬಾರ್ ದಾಟುತ್ತದಲ್ಲ, ಆಗ ಮೇಲಿನ ಸೀಲ್ ಜಾರುತ್ತದೆ. ಬೇರೆಲ್ಲೋ ಸರ್ವಿಸ್ ಆಗಿ ಹೀಗೇ ನಮ್ಮಲ್ಲಿಗೆ ಎಳೆದು ತಂದ ಗಾಡಿಯೊಂದನ್ನು ನೋಡಿದ್ದೇನೆ. ಆಯಿಲ್ ಲೈಟ್ ಹತ್ತಿದ ತಕ್ಷಣ ಡ್ರೈವರ್ ಆಫ್ ಮಾಡಿದ್ದರಿಂದ ಬೇರಿಂಗ್ ಉಳಿದಿತ್ತು. ಹಾಗಾಗಿ ಎಂಜಿನ್ ಕಡೆ ಸೀಲ್ ಕೂರುವ ಜಾಗವನ್ನು ಬಟ್ಟೆಯಲ್ಲಿ ಒರೆಸಿ, ಬೆರಳಿನಿಂದ ಪೂರ್ತಿ ಒಂದು ಸುತ್ತು ಸವರಿ ನೋಡುವುದು ನಮ್ಮಲ್ಲಿ ಕಡ್ಡಾಯ. ಹಳೆಯ ಲ್ಯಾಂಡ್ ರೋವರ್ ಸೀರೀಸ್ ಗಾಡಿಗಳ 2.25 ಲೀಟರ್ ಎಂಜಿನ್‌ನಲ್ಲಿ ಲೋಹದ ಡಬ್ಬಿಯೊಳಗೆ ಪೇಪರ್ ಎಲಿಮೆಂಟ್ ಇರುತ್ತದೆ. ಅಲ್ಲಿ ಸೀಲ್ ಕೂರುವುದು ಡಬ್ಬಿ ಸೇರುವ ತಲೆಭಾಗದ ಸಣ್ಣ ಕಾಲುವೆಯಲ್ಲಿ. ಚೂಪು ಕಡ್ಡಿ ಹಾಕಿ ಕೆದಕದಿದ್ದರೆ ಹಳೆಯದು ಅಲ್ಲೇ ಉಳಿಯುತ್ತದೆ.

ಇನ್ನೊಂದು ಕೆಲಸ, ಫಿಲ್ಟರ್ ಕೊಯ್ದು ನೋಡುವುದು. ಹ್ಯಾಕ್ಸಾ ಬ್ಲೇಡ್ ಬೇಡ. ಅದರ ಕಬ್ಬಿಣದ ಪುಡಿಯೇ ಪೇಪರ್ ಮೇಲೆ ಬಿದ್ದು, ಎಂಜಿನ್ ಸವೆದಿದೆ ಅಂತ ಸುಮ್ನೆ ಗಾಬರಿ ಹುಟ್ಟಿಸುತ್ತದೆ. ಫಿಲ್ಟರ್ ಕಟ್ಟರ್ ಇಟ್ಟು ಸುತ್ತ ತಿರುಗಿಸಿದರೆ ನೀಟಾಗಿ ಬಾಯಿ ಬಿಡುತ್ತದೆ. ಒಳಗಿನ ಪೇಪರ್ ಬಿಡಿಸಿಕೊಂಡು, ವೈಸ್‌ನಲ್ಲಿ ಹಿಂಡಿ, ಬಿಸಿಲಿಗೆ ಹರಡಿ. ಕಪ್ಪು ಮಸಿ ಇದ್ದೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮಿನುಗುವ ಚೂರುಗಳಿವೆಯಾ ನೋಡಿ. ಮ್ಯಾಗ್ನೆಟ್‌ಗೆ ಅಂಟಿದರೆ ಕಬ್ಬಿಣ, ಸ್ಟೀಲು. ಅಂಟದೆ ತಾಮ್ರದ ಬಣ್ಣದಲ್ಲಿ ಹೊಳೆದರೆ ಬೇರಿಂಗ್ ಅಥವಾ ಬುಷ್ ಮೇಲೆ ಅನುಮಾನ ಪಡಬೇಕು. ರಬ್ಬರಿನಂಥ ಎಳೆ ಸಿಕ್ಕರೆ ಯಾರೋ ಚೇಂಬರ್ ಜೋಡಿಸುವಾಗ ಸಿಲಿಕಾನ್ ಪೇಸ್ಟ್ ಧಾರಾಳವಾಗಿ ಬಳಿದಿದ್ದಾರೆ ಅಂತ. ಹಳೆಯ ಎಂಜಿನ್‌ನಲ್ಲಿ ಒಂದೆರಡು ಚುಕ್ಕಿ ಸಹಜ. ಕಳೆದ ಸಲಕ್ಕಿಂತ ಜಾಸ್ತಿಯಾಗಿದೆಯಾ ಅನ್ನುವುದು ಮುಖ್ಯ.

ಪೇಪರ್ ಮಡಿಕೆಗಳು ಕುಸಿದು ಒಂದಕ್ಕೊಂದು ಅಂಟಿದ್ದರೆ ಫಿಲ್ಟರ್ ಕಟ್ಟಿಕೊಂಡಿತ್ತು ಅಂತ ತಿಳಿಯಿರಿ. ಆಗ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲ್ಲೇ ಎಂಜಿನ್‌ಗೆ ಹೋಗುತ್ತಿರುತ್ತದೆ. ಪ್ರೆಶರ್ ಇರುವುದರಿಂದ ಲೈಟ್ ಹತ್ತುವುದಿಲ್ಲ, ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಅನೇಕ ಹಳೆಯ ಡೀಸೆಲ್‌ಗಳ ಸರ್ವಿಸ್ ಪುಸ್ತಕದಲ್ಲಿ 5,000 ಕಿ.ಮೀ.ಗೆ ಆಯಿಲ್ ಬದಲಿಸಿ ಅಂತ ಬರೆದಿರುವುದು ಸುಮ್ನೆ ಅಲ್ಲ.

"ನಿನ್ನೆ ಹಾಕಿದ ಆಯಿಲ್ ಇವತ್ತೇ ಕಪ್ಪಾಗಿದೆ, ಫಿಲ್ಟರ್ ಡೂಪ್ಲಿಕೇಟಾ ಸರ್?" ಅಂತ ಕೇಳುವವರು ಬಹಳ. ಡೀಸೆಲ್ ಮಸಿಯ ಕಣ ಒಂದು ಮೈಕ್ರಾನ್‌ಗಿಂತಲೂ ಚಿಕ್ಕದು. ಅದನ್ನು ಹಿಡಿಯುವಷ್ಟು ಸಣ್ಣ ತೂತು ಫಿಲ್ಟರ್ ಪೇಪರಿನಲ್ಲಿ ಇರುವುದಿಲ್ಲ. ಮಸಿಯನ್ನು ಗಂಟು ಕಟ್ಟಲು ಬಿಡದೆ ತೇಲಿಸಿಟ್ಟುಕೊಳ್ಳುವುದು ಆಯಿಲ್ ಕೆಲಸ. ಕಪ್ಪಾಗಿದೆ ಅಂದರೆ ಅದು ಕೆಲಸ ಮಾಡುತ್ತಿದೆ. ಹಾಲು ಬೆರೆಸಿದ ಹಾಗೆ ಕಂಡರೆ ಬೇರೆ ಮಾತು, ಅಲ್ಲಿ ನೀರು ಸೇರಿದೆ. ಡೀಸೆಲ್ ವಾಸನೆ ಬಂದು ಮಟ್ಟ ಏರಿದ್ದರೂ ಕಾರಣ ಹುಡುಕದೆ ಗಾಡಿ ಬಿಡಬೇಡಿ.

ಹೊಸದನ್ನು ಹಾಕುವ ಮುಂಚೆ ಎರಡನ್ನೂ ಅಕ್ಕಪಕ್ಕ ಇಟ್ಟು ತ್ರೆಡ್, ಸೀಲ್ ಅಗಲ ಹೋಲಿಸಿ. ಸೀಲ್‌ಗೆ ಬೆರಳಲ್ಲಿ ಹೊಸ ಆಯಿಲ್ ಸವರಿ. ಬಾಯಿ ಮೇಲಾಗಿ ಕೂರುವ ಫಿಲ್ಟರ್ ಆದರೆ ಒಳಗೂ ಆಯಿಲ್ ತುಂಬಿಸಿ, ಆದರೆ ಅಂಚಿನ ಸಣ್ಣ ತೂತುಗಳಿಂದ. ನಡುವಿನ ದೊಡ್ಡ ತೂತು ಸೋಸಿದ ಆಯಿಲ್ ಎಂಜಿನ್‌ಗೆ ಹೋಗುವ ದಾರಿ. ಅದರೊಳಗೆ ಸುರಿದರೆ ಫನಲ್‌ನಲ್ಲಿದ್ದ ಧೂಳೂ ಸೀದಾ ಬೇರಿಂಗ್‌ಗೆ ಹೋಗುತ್ತದೆ. ಸೀಲ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಲ್ಲೇ ಸಾಕು. ಎಷ್ಟು ಅಂತ ಫಿಲ್ಟರ್ ಮೇಲೇ ಬರೆದಿರುತ್ತದೆ. "ಇನ್ನೊಂಚೂರು ಟೈಟ್ ಮಾಡ್ಲಾ ಅಣ್ಣಾ?" ಅಂತ ಹುಡುಗರು ರೆಂಚ್ ಎತ್ತಿಕೊಂಡೇ ಕೇಳುತ್ತಾರೆ. ಬೇಡ. ಡ್ರೈನ್ ಪ್ಲಗ್‌ಗೆ ಹೊಸ ವಾಷರ್ ಹಾಕಿ.

ಸ್ಟಾರ್ಟ್ ಮಾಡುವಾಗಲೂ ಆತುರ ಬೇಡ, ಟರ್ಬೊ ಇದ್ದರಂತೂ ಬೇಡವೇ ಬೇಡ. ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗಳಲ್ಲಿ ಒಂದು ಅನುಕೂಲವಿದೆ. ಸ್ಟಾಪ್ ಕೇಬಲ್ ಎಳೆದು ಹಿಡಿಯಿರಿ, ಅಥವಾ ಪಂಪಿನ ಸೊಲೆನಾಯ್ಡ್ ವೈರ್ ಕಳಚಿ. ಡೀಸೆಲ್ ಹೋಗುವುದಿಲ್ಲ, ಎಂಜಿನ್ ಸುಮ್ಮನೆ ತಿರುಗುತ್ತದೆ. ಸ್ವಲ್ಪ ಸ್ವಲ್ಪ ಹೊತ್ತು ಸೆಲ್ಫ್ ಹೊಡೆದು, ನಡುವೆ ಸ್ಟಾರ್ಟರ್ ಮೋಟರ್ ತಣಿಯಲು ಬಿಟ್ಟು, ಆಯಿಲ್ ಲೈಟ್ ಆರಿದ ಮೇಲೆ ನಿಜವಾಗಿ ಸ್ಟಾರ್ಟ್ ಮಾಡಿ. ಕೆಲವು ನಿಮಿಷ ಐಡಲ್ ಬಿಟ್ಟು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಟಾರ್ಚ್ ಹಿಡಿದು ಫಿಲ್ಟರ್ ಸುತ್ತ ನೋಡಿ. ಆಫ್ ಮಾಡಿ ಆಯಿಲ್ ಕೆಳಗಿಳಿದ ಮೇಲೆ ಡಿಪ್‌ಸ್ಟಿಕ್ ನೋಡಿದರೆ ಮಟ್ಟ ಇಳಿದಿರುತ್ತದೆ, ಫಿಲ್ಟರ್ ತನ್ನ ಪಾಲು ಕುಡಿದಿರುತ್ತದೆ. ಅಷ್ಟನ್ನು ತುಂಬಿಸಿ.

ಕೊಯ್ದ ಪೇಪರಿನ ಒಂದು ತುಂಡಿಗೆ ಗಾಡಿ ನಂಬರು, ತಾರೀಕು, ಕಿಲೋಮೀಟರ್ ಬರೆದ ಚೀಟಿ ಸೇರಿಸಿ ಕವರಿನಲ್ಲಿ ಎತ್ತಿಡುತ್ತೇವೆ. ಮುಂದಿನ ಸರ್ವಿಸ್‌ಗೆ ಹೋಲಿಸಲು ಅದೇ ಬೇಕು.