ಹಳೇ ರೋಡ್ ಸೈಕಲ್ ರಿಪೇರಿ: ರಿಮ್ ಎಷ್ಟು ಸವೆದಿದೆ?

ಫ್ರೇಮಿನ ಕೆಲಸ ಮುಗೀತು. ಈಗ ಚಕ್ರಗಳಿಗೆ ಕೈ ಹಾಕಿದ್ದೇನೆ. ಸೆಕೆಂಡ್ ಹ್ಯಾಂಡ್ ಜೋಡಿ, 700ಸಿ ಅಳತೆ, ಅಲ್ಯೂಮಿನಿಯಂ ರಿಮ್, ಒಂದೊಂದಕ್ಕೂ 32 ಕಡ್ಡಿ. ಹಬ್ ನುಣ್ಣಗೆ ತಿರುಗುತ್ತದೆ, ಬೆಂಡ್ ಕೂಡ ಇಲ್ಲ. ಹಿಂದಿನ ರಿಮ್ ಅಂತೂ ಫಳಫಳ ಹೊಳೆಯುತ್ತಿದೆ. ನನಗೆ ಅನುಮಾನ ಬಂದಿದ್ದೇ ಆ ಹೊಳಪಿನಿಂದ. ಬ್ರೇಕ್ ರಬ್ಬರ್ ಉಜ್ಜಿ ಉಜ್ಜಿ ಬಂದ ಹೊಳಪು ಅದು.

ಡಿಸ್ಕ್ ಬ್ರೇಕ್ ಸೈಕಲ್ಲಿಗೆ ಈ ತಲೆನೋವಿಲ್ಲ. ರಿಮ್ ಬ್ರೇಕಿನಲ್ಲಿ ರಬ್ಬರಿನ ಜೊತೆ ರಿಮ್ಮೂ ಸವೆಯುತ್ತದೆ. ಮಳೆಗಾಲದಲ್ಲಂತೂ ಮಣ್ಣು, ಮರಳು ರಬ್ಬರಿಗೆ ಅಂಟಿಕೊಂಡು ಉಪ್ಪುಕಾಗದದ ಹಾಗೆ ತಿಕ್ಕುತ್ತದೆ. ಹೀಗೆ ತೆಳ್ಳಗಾಗುವ ರಿಮ್ಮಿನ ಪಕ್ಕದ ಗೋಡೆಯೇ ಟಯರನ್ನು ಹಿಡಿದುಕೊಂಡಿರುವುದು. 100 ಪಿಎಸ್‌ಐ ಗಾಳಿ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋ ಒತ್ತಡ. ನಂದಿ ಬೆಟ್ಟ ಇಳಿಯುವಾಗ ಬ್ರೇಕ್ ಹಿಡಿದೇ ಇರುತ್ತೇವೆ, ಅಲ್ವಾ? ರಿಮ್ ಬಿಸಿಯಾಗಿ ಆ ಒತ್ತಡ ಇನ್ನೂ ಏರುತ್ತದೆ. ಅಲ್ಲಿ ಗೋಡೆ ಬಿರಿದರೆ ಏನಾಗುತ್ತದೆ ಅಂತ ಯೋಚಿಸಲೂ ಭಯ.

ಮೊದಲು ತಯಾರಕರೇ ಕೊಟ್ಟ ಗುರುತು ಹುಡುಕಿದೆ. ಕೆಲವು ರಿಮ್‌ಗಳಲ್ಲಿ ಬ್ರೇಕ್ ತಾಗುವ ಜಾಗದಲ್ಲಿ ಸಣ್ಣ ಗುಳಿಯೋ ಸುತ್ತಲೂ ಗೀರೋ ಇರುತ್ತದೆ. ಅದು ಮಾಯವಾದರೆ ರಿಮ್ ಮುಗಿಯಿತು. ನನ್ನ ಎರಡೂ ರಿಮ್‌ಗಳಲ್ಲಿ ಏನೂ ಕಾಣಲಿಲ್ಲ. ಗುರುತೇ ಇರಲಿಲ್ಲವೋ, ಸವೆದು ಹೋಯಿತೋ, ನೋಡಿದರೆ ತಿಳಿಯುವುದಿಲ್ಲ.

ಹಾಗಾಗಿ ಸ್ಟೀಲ್ ಸ್ಕೇಲಿನ ಅಂಚನ್ನು ರಿಮ್ಮಿನ ಪಕ್ಕಕ್ಕೆ ಅಡ್ಡ ಹಿಡಿದು, ಹಿಂದಿನಿಂದ ಟಾರ್ಚ್ ಬಿಟ್ಟೆ. ಮುಂದಿನ ರಿಮ್‌ನಲ್ಲಿ ಕೂದಲೆಳೆಯಷ್ಟು ಬೆಳಕು. ಹಿಂದಿನದರಲ್ಲಿ ಸ್ಕೇಲಿನ ಕೆಳಗೆ ನಡುಭಾಗ ಚೆನ್ನಾಗಿಯೇ ತಗ್ಗಾಗಿತ್ತು. ಬೆರಳಾಡಿಸಿದರೆ ಮೇಲಂಚು ಉಗುರಿಗೆ ಸಿಗುತ್ತಿತ್ತು.

ಇಷ್ಟರಿಂದ ಸವೆದಿದೆ ಅಂತ ಗೊತ್ತಾಯಿತು. ಎಷ್ಟು ಉಳಿದಿದೆ ಅಂತ ಗೊತ್ತಾಗಬೇಕಾದರೆ ಅಳೆಯಲೇಬೇಕು. ಬರೀ ವರ್ನಿಯರ್ (ಎರಡು ದವಡೆಯ ನಡುವೆ ಹಿಡಿದು ದಪ್ಪ ಅಳೆಯುವ ಉಪಕರಣ) ಇಟ್ಟರೆ ಲೆಕ್ಕ ತಪ್ಪುತ್ತದೆ. ಒಳಗೆ ಟಯರ್ ಹಿಡಿಯುವ ಕೊಕ್ಕೆ ಅಡ್ಡ ಬರುತ್ತದೆ, ಹೊರಗೆ ವರ್ನಿಯರಿನ ಚಪ್ಪಟೆ ದವಡೆ ತಗ್ಗಿನ ಎರಡು ಅಂಚಿನ ಮೇಲೆ ಕೂತುಬಿಡುತ್ತದೆ. ಅದಕ್ಕೆ ಹಳೇ ಕಡ್ಡಿಯ ತುದಿಯಿಂದ ಎರಡು ಚಿಕ್ಕ ತುಂಡು ಕತ್ತರಿಸಿಕೊಂಡೆ. (ಕೆಲವು ಕಡ್ಡಿ ನಡುವೆ ತೆಳ್ಳಗಿರುತ್ತದೆ, ಆದ್ದರಿಂದ ತುದಿಯೇ ಒಳ್ಳೆಯದು.) ಒಂದು ತುಂಡು ಒಳಗೆ ಕೊಕ್ಕೆಯ ಕೆಳಗೆ, ಇನ್ನೊಂದು ಹೊರಗೆ ತಗ್ಗಿನಲ್ಲಿ, ಗ್ರೀಸ್ ಹಚ್ಚಿ ಎದುರುಬದುರಾಗಿ ಅಂಟಿಸಿದೆ. ಎರಡರ ಮೇಲೂ ವರ್ನಿಯರ್ ಹಿಡಿದು, ಬಂದ ಅಳತೆಯಲ್ಲಿ ಎರಡೂ ಕಡ್ಡಿ ತುಂಡುಗಳ ಒಟ್ಟು ದಪ್ಪ 4 ಮಿ.ಮೀ. ಕಳೆದರೆ ಗೋಡೆಯ ದಪ್ಪ ಸಿಗುತ್ತದೆ. ಸವೆತ ಸುತ್ತಲೂ ಒಂದೇ ಸಮ ಇರುವುದಿಲ್ಲ. ಎರಡೂ ಪಕ್ಕ, ಬೇರೆ ಬೇರೆ ಜಾಗದಲ್ಲಿ ನೋಡಿ, ಎಲ್ಲಕ್ಕಿಂತ ತೆಳ್ಳಗಿನದನ್ನೇ ಲೆಕ್ಕಕ್ಕೆ ಹಿಡಿದೆ.

ಮುಂದಿನದು 1.3 ಮಿ.ಮೀ. ಹಿಂದಿನದು 0.7. ಹೊಸ ರಿಮ್‌ನಲ್ಲಿ ಸಾಮಾನ್ಯವಾಗಿ ಸುಮಾರು 1.5 ಇರುತ್ತದೆ. ಎಲ್ಲ ರಿಮ್ಮಿಗೂ ಒಂದೇ ಮಿತಿ ಅಂತಿಲ್ಲ. ಆದರೆ 1 ಮಿ.ಮೀ.ಗಿಂತ ಕೆಳಗೆ ಹೋದದ್ದನ್ನು ನಾನು ಹಾಕುವುದಿಲ್ಲ, ಯಾರಿಗೂ ಮಾರುವುದೂ ಇಲ್ಲ. ಊರೊಳಗೆ ನಿಧಾನ ಓಡಿಸಿದರೆ ಪರವಾಗಿಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸುಮ್ನೆ ಗಾಳಿ ಹೊಡೆಯುವಾಗಲೂ ಇಂಥ ರಿಮ್ ಒಡೆಯಬಹುದು.

ಕಡ್ಡಿ ತೂತುಗಳ ಸುತ್ತ ಬಿರುಕಿದೆಯಾ ಅಂತಲೂ ಥಿನ್ನರ್ ಬಟ್ಟೆಯಲ್ಲಿ ಒರೆಸಿ ನೋಡಿದೆ. ಮುಂದಿನ ರಿಮ್ ಅದರಲ್ಲೂ ಪಾಸ್. ಇನ್ನಷ್ಟು ವರ್ಷ ಬಾಳಲಿ ಅಂತ ಹಳೇ ಬ್ರೇಕ್ ರಬ್ಬರ್ ಬಿಚ್ಚಿ ನೋಡಿದರೆ, ಒಳಗೆ ಹೊಳೆಯುವ ಅಲ್ಯೂಮಿನಿಯಂ ಚೂರುಗಳು ಚುಚ್ಚಿಕೊಂಡಿದ್ದವು. ಅವು ರಿಮ್ಮನ್ನು ಕೆರೆಯುತ್ತಲೇ ಇರುತ್ತವೆ. ಸೂಜಿಯಿಂದ ಕಿತ್ತು ಉಪ್ಪುಕಾಗದದಲ್ಲಿ ಉಜ್ಜಿದರೆ ಸಾಕು, ಆದರೂ ಹೊಸದನ್ನೇ ಹಾಕಿದೆ.

ಹಿಂದಿನ ಚಕ್ರದ ಹಬ್, ಕಡ್ಡಿ ಎರಡೂ ಗಟ್ಟಿಮುಟ್ಟಾಗಿವೆ. ಕಡ್ಡಿಯ ಉದ್ದ ಲೆಕ್ಕ ಹಾಕುವ ಇಆರ್‌ಡಿ ಅಳತೆ ಇದಕ್ಕೇ ಹೊಂದುವ 32 ತೂತಿನ ರಿಮ್ ಹುಡುಕುತ್ತಿದ್ದೇನೆ. ಸಿಕ್ಕರೆ ಹಳೆಯದರ ಪಕ್ಕಕ್ಕೆ ಟೇಪಿನಲ್ಲಿ ಕಟ್ಟಿ, ಕಡ್ಡಿಗಳನ್ನು ಒಂದೊಂದಾಗಿ ದಾಟಿಸುತ್ತೇನೆ. ಆಮೇಲೆ ಹಳೇ ರಿಮ್ಮನ್ನು ಹ್ಯಾಕ್ಸಾದಲ್ಲಿ ಕೊಯ್ದು, ಕಡ್ಡಿ ತುಂಡಿನ ಅಳತೆ ಎಷ್ಟು ಸರಿ ಅಂತ ನೇರವಾಗಿಯೇ ನೋಡಬೇಕು.