ಉಪ್ಪಿನಕಾಯಿ ಬಾಟಲಿಯ ಲಿವರ್

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಶಿರಸಿಯಿಂದ ಫೋನು ಬಂದಾಗ ಮೊದಲು ನೆನಪಾದದ್ದು ಒಣದ್ರಾಕ್ಷಿ. ಒಂಬತ್ತನೇ ಕ್ಲಾಸಿನಲ್ಲಿ ವಿಜ್ಞಾನದ ಮೇಷ್ಟ್ರು ರಾತ್ರಿಯಿಡೀ ನೀರಲ್ಲಿಟ್ಟ ದ್ರಾಕ್ಷಿಯನ್ನು ಎತ್ತಿ ಹಿಡಿದು, "ನೀರು ಒಳಗೆ ಹೊಕ್ಕಿದೆ, ನೋಡಿ" ಎಂದಿದ್ದರು. ಪಾಠ ಮುಗಿದ ಮೇಲೆ ಅದನ್ನು ತಿಂದವನು ನಾನೇ.

ಆರೇಳು ವರ್ಷದ ಮೇಲೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ಯಾಥಾಲಜಿ, ಅಂದರೆ ರೋಗಶಾಸ್ತ್ರ, ಶುರುವಾದದ್ದೂ ಅಲ್ಲಿಂದಲೇ. ಜೀವಕೋಶಕ್ಕೆ ಆಮ್ಲಜನಕ ತಪ್ಪಿದರೆ ಅದರ ಇಂಧನವಾದ ಎಟಿಪಿ ಬತ್ತುತ್ತದೆ, ಸೋಡಿಯಂ ಹೊರಹಾಕುವ ಪಂಪು ನಿಲ್ಲುತ್ತದೆ, ಒಳಗುಳಿದ ಸೋಡಿಯಂ ನೀರನ್ನು ಎಳೆದುಕೊಂಡು ಕೋಶ ಊದುತ್ತದೆ. ಅಲ್ಲಿಯವರೆಗೆ ಚೇತರಿಕೆಗೆ ದಾರಿಯಿದೆ. ಪೊರೆ ಹರಿದು ಕ್ಯಾಲ್ಸಿಯಂ ನುಗ್ಗಿತೋ, ಮುಗಿಯಿತು. ನ್ಯೂಕ್ಲಿಯಸ್ ಮುದುಡುತ್ತದೆ, ಚೂರಾಗುತ್ತದೆ, ಕರಗುತ್ತದೆ. ಪಿಕ್ನೋಸಿಸ್, ಕ್ಯಾರಿಯೊರೆಕ್ಸಿಸ್, ಕ್ಯಾರಿಯೊಲೈಸಿಸ್ ಎಂದು ಊರಿನ ಬಸ್ಸಿನಲ್ಲಿ ಬಾಯಿಪಾಠ ಮಾಡುತ್ತಿದ್ದರೆ ಪಕ್ಕದ ಅಜ್ಜ ಮಂತ್ರವೆಂದುಕೊಂಡು ಸ್ವಲ್ಪ ಸರಿದು ಕೂತ.

ಆ ರಜೆಯಲ್ಲೇ ಪಕ್ಕದ ಮನೆಯ ಆಕಳು ಬೆಟ್ಟದಂಚಿನ ಲಂಟಾನ ತಿಂದಿತ್ತು. ಕಣ್ಣು ಹಳದಿ, ಬಿಸಿಲು ಬಿದ್ದ ಮೂತಿ ಬಿರುಕು. ಲಂಟಾನದ ವಿಷಕ್ಕೆ ಲಿವರ್‌ನಲ್ಲಿ ಪಿತ್ತದ ಹರಿವು ಕಟ್ಟುತ್ತದೆ. ಮೇವಿನ ಹಸಿರಿನಿಂದ ಹುಟ್ಟಿದ ಫೈಲೋಎರಿಥ್ರಿನ್ ಹೊರಹೋಗಲಾರದೆ ರಕ್ತ ಸೇರಿ, ಬಿಸಿಲು ತಾಗಿದಲ್ಲಿ ಚರ್ಮ ಸುಡುತ್ತದೆ. ರಾತ್ರಿ ಸತ್ತದ್ದನ್ನು ಡಾಕ್ಟ್ರು ಬೆಳಿಗ್ಗೆ ತಡವಾಗಿ ಕೊಯ್ದರು. ನಾನು ಮುಷ್ಟಿ ಗಾತ್ರದ ಲಿವರ್ ತುಂಡು ಬೇಡಿ, ಉಪ್ಪಿನಕಾಯಿ ಬಾಟಲಿಗೆ ತುರುಕಿ, ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣವನ್ನು ಮುಳುಗುವಷ್ಟು ಸುರಿದು ಬೆಂಗಳೂರಿಗೆ ಹೊತ್ತೆ. ಅಮ್ಮ ಆ ಬಾಟಲಿಯನ್ನು ವಾಪಸು ಕೇಳಲಿಲ್ಲ.

ಸ್ಲೈಡು ಬಂತು. ಒಂದು ನ್ಯೂಕ್ಲಿಯಸ್ಸೂ ಇಲ್ಲ! "ನೆಕ್ರೋಸಿಸ್ ಸಾರ್" ಎಂದೆ, ಕ್ಲಾಸಿಗೆಲ್ಲ ಕೇಳುವಂತೆ. ಆಕಳು ಬದುಕಿದ್ದಾಗಲೇ ಕೋಶಗಳು ಪೆಟ್ಟು ತಿಂದು ಸತ್ತಿವೆ ಎಂದರ್ಥ. ಪ್ಯಾಥಾಲಜಿ ಮೇಷ್ಟ್ರು ಬಹಳ ಹೊತ್ತು ನೋಡಿ ಕೇಳಿದರು, "ಸಾವಿನ ಮನೆಗೆ ಯಾರಾದರೂ ಬಂದಿದ್ದಾರೇನಪ್ಪ?"

ಅರ್ಥವಾಗಲಿಲ್ಲ. ಬದುಕಿರುವ ದೇಹದಲ್ಲಿ ಕೋಶಗಳು ಸತ್ತರೆ ಸಾಮಾನ್ಯವಾಗಿ ಸುತ್ತ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನೆರೆಯುತ್ತವೆ, ರಕ್ತನಾಳ ಹಿಗ್ಗುತ್ತದೆ. ನನ್ನ ಸ್ಲೈಡಿನಲ್ಲಿ ಯಾರೂ ಬಂದಿರಲಿಲ್ಲ. ನಾಳದೊಳಗಿನ ಕೆಂಪು ಕಣಗಳೂ ಮಾಸಿಹೋಗಿದ್ದವು. ಅದು ಆಟೋಲೈಸಿಸ್: ಆಕಳು ಸತ್ತ ಮೇಲೆ ಅದರದೇ ಕಿಣ್ವಗಳು ಅದನ್ನು ಅರಗಿಸಿದ್ದು. ಪಿತ್ತದ ಕಂದು ಮಾತ್ರ ಅಲ್ಲಲ್ಲಿ ಉಳಿದಿತ್ತು. ಫಾರ್ಮಲಿನ್ ಒಳಗಿಳಿಯಬೇಕಾದರೆ ತುಂಡು ಅರ್ಧ ಸೆಂಟಿಮೀಟರ್ ದಪ್ಪ, ಫಾರ್ಮಲಿನ್ ಅದರ 10 ಪಟ್ಟು ಇರಬೇಕು ಎಂದು ಅವರು ಹೇಳಿಕೊಟ್ಟೇ ಇದ್ದರು. ನಾನು ಆವತ್ತು ಹಿಂದಿನ ಬೆಂಚಿನಲ್ಲಿದ್ದೆ.

ಕೋಶ ಹೊತ್ತು ಬಂದಾಗ ತಾನೇ ಅಚ್ಚುಕಟ್ಟಾಗಿ ಸಾಯುವ ಅಪೊಪ್ಟೋಸಿಸ್ ಮಾತ್ರ ನನಗೆ ತಕ್ಷಣ ಹತ್ತಿತು. 1972ರಲ್ಲಿ ಕೆರ್, ವೈಲಿ, ಕರಿ ಎಂಬ ಮೂವರು ಇಟ್ಟ ಹೆಸರು. ಗ್ರೀಕಿನಲ್ಲಿ ಎಲೆ ಉದುರುವುದು ಎಂದರ್ಥ. ಮೇಷ್ಟ್ರು ಬೋರ್ಡಿನಲ್ಲಿ ಯಾವುದೋ ಮರ ಬರೆದರು. ನಾನು ಕಂಡದ್ದು ನಮ್ಮ ಅಡಿಕೆ ತೋಟ: ಹೊತ್ತಾದಾಗ ಹಾಳೆ ತಾನೇ ಕಳಚಿ ಬೀಳುತ್ತದೆ, ಮರದ ಮೇಲೆ ಒಂದು ಬಳೆ ಉಳಿಯುತ್ತದೆ, ಯಾರಿಗೂ ಗಾಬರಿಯಿಲ್ಲ. ಕೊಳೆರೋಗಕ್ಕೆ ಹಸಿ ಅಡಿಕೆ ಉದುರಿದರೆ ಊರೇ ಎದ್ದು ಕೂರುತ್ತದೆ. ಅದು ನೆಕ್ರೋಸಿಸ್. ಪರೀಕ್ಷೆಯಲ್ಲೂ ಹೀಗೇ ಬರೆದೆ, ಅಂಕ ಕೊಟ್ಟರು.

ಈಗ ನನ್ನ ಬ್ಯಾಗಿನಲ್ಲಿ ಅಗಲ ಬಾಯಿಯ ಡಬ್ಬಿ, ಬ್ಲೇಡು, ಸ್ಕೇಲು ಸದಾ ಇರುತ್ತವೆ. ಮೊನ್ನೆ ಕೊಟ್ಟಿಗೆಯ ಹಿಂದೆ ಕೂತು ಲಿವರ್ ತೆಳ್ಳಗೆ ಹೆಚ್ಚುತ್ತಿದ್ದಾಗ ಮನೆಯ ಯಜಮಾನರು ಬಗ್ಗಿ ನೋಡಿ ಕೇಳಿದರು:

"ಎಂತದು ಡಾಕ್ಟ್ರೇ, ಬಾಳೆಕಾಯಿ ಚಿಪ್ಸಿಗಾ?"