ಗೃಹವಿಜ್ಞಾನವೆಂದರೆ ಅಡುಗೆ, ಹೊಲಿಗೆ ತಾನೆ?

ಗೃಹವಿಜ್ಞಾನ ಬೋಧಿಸುತ್ತೇನೆ ಎಂದು ಹೇಳಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: "ಅಡುಗೆ, ಹೊಲಿಗೆಯನ್ನು ಮನೆಯಲ್ಲಿ ಅಮ್ಮನೇ ಕಲಿಸುತ್ತಾಳಲ್ಲ, ಅದಕ್ಕೊಂದು ಪದವಿ ಏಕೆ?" ಮದುವೆಮನೆಯಲ್ಲಿ ನೆಂಟರು ಕೇಳಿದ್ದಾರೆ, ಮಗಳನ್ನು ಕಾಲೇಜಿಗೆ ಸೇರಿಸಲು ಬಂದ ತಂದೆಯರೂ ಕೇಳಿದ್ದಾರೆ. ನನ್ನ ಉತ್ತರ ಪ್ರತಿಸಲವೂ ಅಮೆರಿಕದ ರಸಾಯನಶಾಸ್ತ್ರಜ್ಞೆ ಎಲೆನ್ ಸ್ವಾಲೋ ರಿಚರ್ಡ್ಸ್ ಅವರಿಂದ ಆರಂಭವಾಗುತ್ತದೆ.

1842ರಲ್ಲಿ ಮೆಸಾಚುಸೆಟ್ಸ್ ರಾಜ್ಯದ ಡನ್‌ಸ್ಟೇಬಲ್ ಎಂಬ ಊರಿನಲ್ಲಿ ಹುಟ್ಟಿದ ಎಲೆನ್, 1870ರಲ್ಲಿ ವಾಸರ್ ಕಾಲೇಜಿನಿಂದ ಪದವಿ ಪಡೆದು, ಅದುವರೆಗೆ ಹೆಣ್ಣುಮಕ್ಕಳಿಗೆ ಪ್ರವೇಶವೇ ಇಲ್ಲದಿದ್ದ ಬಾಸ್ಟನ್‌ನ ಎಂಐಟಿ (ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಎಂಬ ತಾಂತ್ರಿಕ ಶಿಕ್ಷಣ ಸಂಸ್ಥೆಯನ್ನು ರಸಾಯನಶಾಸ್ತ್ರ ಕಲಿಯಲು ಸೇರಿದರು. ಸಂಸ್ಥೆ ಅವರಿಂದ ಶುಲ್ಕ ತೆಗೆದುಕೊಳ್ಳಲಿಲ್ಲ. ತಮ್ಮ ಬಡತನವನ್ನು ಕಂಡು ತೋರಿದ ಔದಾರ್ಯವಿದು ಎಂದು ಅವರು ಭಾವಿಸಿದ್ದರು. ಆದರೆ ಯಾರಾದರೂ ಆಕ್ಷೇಪಿಸಿದರೆ "ಆಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ" ಎನ್ನಲು ಅಧ್ಯಕ್ಷರಿಗೆ ದಾರಿಯಿರಲಿ ಎಂಬುದು ಅಸಲಿ ಕಾರಣವಾಗಿತ್ತು. ಮೊದಲೇ ತಿಳಿದಿದ್ದರೆ ತಾವು ಸೇರುತ್ತಲೇ ಇರಲಿಲ್ಲ ಎಂದು ಅವರು ಮುಂದೆ ನೆನೆದಿದ್ದಾರೆ. ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಇಂದಿಗೂ ನೋವಾಗುತ್ತದೆ. 1873ರಲ್ಲಿ ಅವರು ಆ ಸಂಸ್ಥೆಯ ಮೊದಲ ಮಹಿಳಾ ಪದವೀಧರೆಯಾದರು. ಡಾಕ್ಟರೇಟ್ ಮಾತ್ರ ಅಲ್ಲಿ ಸಿಗಲಿಲ್ಲ.

1876ರಲ್ಲಿ, ಬಾಸ್ಟನ್ನಿನ ಮಹಿಳೆಯರ ಸಂಘವೊಂದು ಕೂಡಿಸಿಕೊಟ್ಟ ಹಣದಿಂದ, ಅದೇ ಎಂಐಟಿಯಲ್ಲಿ ಮಹಿಳೆಯರಿಗಾಗಿ ಪ್ರಯೋಗಾಲಯ ತೆರೆಯಿತು. ಎಲೆನ್ ಅಲ್ಲಿ ಸಂಬಳವಿಲ್ಲದೆ ಪಾಠ ಮಾಡಿದರು. ಹೆಣ್ಣುಮಕ್ಕಳಿಗೆ ಮುಖ್ಯ ಪ್ರಯೋಗಾಲಯಗಳ ಬಾಗಿಲು ತೆರೆದ ಮೇಲೆ, 1883ರಲ್ಲಿ, ಅದನ್ನು ಮುಚ್ಚಲಾಯಿತು. ಮರುವರ್ಷ ನೈರ್ಮಲ್ಯ ರಸಾಯನಶಾಸ್ತ್ರದ ಬೋಧಕಿಯಾಗಿ ನೇಮಕಗೊಂಡ ಅವರು 1911ರಲ್ಲಿ ತೀರಿಕೊಳ್ಳುವವರೆಗೂ ಅದೇ ಹುದ್ದೆಯಲ್ಲಿದ್ದರು.

ನನ್ನ ಉತ್ತರದ ತಿರುಳಿರುವುದು ಅವರ ನೀರಿನ ಕೆಲಸದಲ್ಲಿ. 1887ರಲ್ಲಿ ಮೆಸಾಚುಸೆಟ್ಸ್‌ನ ಆರೋಗ್ಯ ಮಂಡಳಿ ರಾಜ್ಯದ ಕೆರೆ, ನದಿ, ಬಾವಿಗಳ ಸಮೀಕ್ಷೆಗೆ ಕೈಹಾಕಿದಾಗ, ಸಾವಿರಾರು ಮಾದರಿಗಳ ಪರೀಕ್ಷೆಯ ಹೊಣೆ ಎಲೆನ್ ಅವರ ಪ್ರಯೋಗಾಲಯಕ್ಕೆ ಬಂತು. ಸಮುದ್ರದ ಗಾಳಿ ಹೊತ್ತು ತರುವ ಉಪ್ಪಿನಿಂದಾಗಿ ಕರಾವಳಿಯ ನೀರಿನಲ್ಲಿ ಉಪ್ಪಿನ ಒಂದು ಅಂಶವಾದ ಕ್ಲೋರೈಡ್ ಹೆಚ್ಚಿರುತ್ತದೆ, ಒಳನಾಡಿಗೆ ಹೋದಂತೆ ಕಡಿಮೆಯಾಗುತ್ತದೆ. ಮನುಷ್ಯರ ಮೂತ್ರದಲ್ಲೂ ಉಪ್ಪಿರುವುದರಿಂದ, ಒಂದು ಊರಿನ ಬಾವಿಯಲ್ಲಿ ಆ ಜಾಗಕ್ಕೆ ಸಹಜವಾದ ಪ್ರಮಾಣಕ್ಕಿಂತ ಹೆಚ್ಚು ಕ್ಲೋರೈಡ್ ಕಂಡರೆ, ಅಲ್ಲಿಗೆ ಕೊಳಚೆ ಸೇರುತ್ತಿರಬಹುದೆಂದು ಊಹಿಸಬಹುದು. ಇಡೀ ರಾಜ್ಯದ ಸಹಜ ಪ್ರಮಾಣವನ್ನು ರೇಖೆಗಳಲ್ಲಿ ತೋರಿಸುವ ನಕ್ಷೆ ಈ ಕೆಲಸದಿಂದ ಸಿದ್ಧವಾಯಿತು. ಕಣ್ಣಿಗೆ ತಿಳಿಯಾಗಿ, ನಾಲಿಗೆಗೆ ಸಿಹಿಯಾಗಿ ತೋರುವ ನೀರಿನ ಒಳಗುಟ್ಟನ್ನು ಅಳೆದು ಹೇಳುವ ಈ ವಿದ್ಯೆಯನ್ನು ಅಮ್ಮ ಮನೆಯಲ್ಲಿ ಕಲಿಸಲು ಸಾಧ್ಯವಿರಲಿಲ್ಲ. ಅವಳಿಗೂ ಯಾರೂ ಅದನ್ನು ಕಲಿಸಿರಲಿಲ್ಲ.

ಆ ವಿದ್ಯೆಯನ್ನೇ ಅವರು ಮನೆಯೊಳಕ್ಕೆ ತಂದರು. ಅಡುಗೆ ಮತ್ತು ಶುಚಿತ್ವದ ಹಿಂದಿರುವ ರಸಾಯನಶಾಸ್ತ್ರವನ್ನು ಗೃಹಿಣಿಯರಿಗಾಗಿ ಪುಸ್ತಕವಾಗಿ ಬರೆದರು, ಆಹಾರದ ಕಲಬೆರಕೆಯನ್ನು ಪರೀಕ್ಷಿಸಿದರು, ಬಾಸ್ಟನ್ನಿನ ಜಮೈಕಾ ಪ್ಲೇನ್‌ನಲ್ಲಿದ್ದ ತಮ್ಮ ಸ್ವಂತ ಮನೆಯಲ್ಲೇ ದೂಳು ಕೂರುವ ಜಮಖಾನೆಗಳನ್ನು ತೆಗೆಸಿ, ಗಾಳಿಯಾಡುವ ವ್ಯವಸ್ಥೆ ಮಾಡಿ ನೋಡಿದರು.

ಅವರ ಸೋಲನ್ನೂ ನಾನು ಮುಚ್ಚಿಡುವುದಿಲ್ಲ. 1890ರಲ್ಲಿ ಮೇರಿ ಹಿನ್ಮನ್ ಏಬಲ್ ಅವರೊಂದಿಗೆ ಬಾಸ್ಟನ್ನಿನಲ್ಲಿ ನ್ಯೂ ಇಂಗ್ಲೆಂಡ್ ಕಿಚನ್ ಎಂಬ ಅಡುಗೆಮನೆಯನ್ನು ತೆರೆದು, ದುಡಿಯುವ ಬಡವರಿಗೆ ಅಗ್ಗದ, ಪೌಷ್ಟಿಕವಾದ, ತೂಕ ಹಾಕಿ ಹದವಾಗಿ ಬೇಯಿಸಿದ ಸಾರು, ಗಂಜಿ ಮಾರಲು ಹೊರಟರು. ಬೇರೆ ದೇಶಗಳಿಂದ ವಲಸೆ ಬಂದ ಕುಟುಂಬಗಳು ಅದನ್ನು ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದುದು ತಮ್ಮ ತಾಯಂದಿರ ಕೈರುಚಿ. ಪೌಷ್ಟಿಕತೆಯ ಲೆಕ್ಕ ಸರಿಯಾಗಿದ್ದರೂ, ಉಣ್ಣುವವರನ್ನು ಕೇಳದೆ ಊಟ ನಿರ್ಧರಿಸಿದ್ದು ತಪ್ಪಾಗಿತ್ತು ಎಂದೇ ನಾನು ತಿಳಿಯುತ್ತೇನೆ. ಹಾಗಾಗಿ ನನ್ನ ವಿದ್ಯಾರ್ಥಿನಿಯರು ಯಾವುದೇ ಮನೆಗೆ ಆಹಾರದ ಸಲಹೆ ನೀಡುವ ಮೊದಲು, ಆ ಮನೆಯಲ್ಲಿ ಮುದ್ದೆಯೋ ರೊಟ್ಟಿಯೋ ಅನ್ನವೋ, ಹಬ್ಬಕ್ಕೆ ಏನು, ಬಾಣಂತಿಗೆ ಏನು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು.

1899ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್‌ನಲ್ಲಿ ಆರಂಭವಾಗಿ ವರ್ಷವರ್ಷವೂ ನಡೆದ ಸಮಾವೇಶಗಳಲ್ಲಿ ಈ ವಿಷಯಕ್ಕೆ ಹೋಮ್ ಇಕನಾಮಿಕ್ಸ್ ಎಂಬ ಹೆಸರು ನೆಲೆಯಾಯಿತು. 1908ರ ಕೊನೆಯಲ್ಲಿ ರೂಪುಗೊಂಡ ಅಮೆರಿಕನ್ ಹೋಮ್ ಇಕನಾಮಿಕ್ಸ್ ಅಸೋಸಿಯೇಷನ್ನಿಗೆ ಎಲೆನ್ ಅವರೇ ಮೊದಲ ಅಧ್ಯಕ್ಷೆ. ಅದಕ್ಕೂ ಮೊದಲು, 1892ರಲ್ಲಿ, ಮನೆ ಎಂಬ ಅರ್ಥದ ಗ್ರೀಕ್ ಪದ 'ಓಯ್ಕೋಸ್'ನಿಂದ ಬಂದ ಇಕಾಲಜಿ ಎಂಬ ಹೆಸರನ್ನು ಅವರು ತಮ್ಮ ಶಾಸ್ತ್ರಕ್ಕೆ ಸೂಚಿಸಿದ್ದರು. ಆ ಹೆಸರು ಜೀವಶಾಸ್ತ್ರಜ್ಞರ ಪಾಲಾಯಿತು. ಅದು ನಮಗೇ ಉಳಿದಿದ್ದರೆ, ನನಗೆ ಈ ಪ್ರಶ್ನೆ ಇಷ್ಟು ಸಲ ಎದುರಾಗುತ್ತಿರಲಿಲ್ಲವೇನೋ.

ಪ್ರಶ್ನೆ ಕೇಳಿದ ತಂದೆಯರಿಗೆ ಪುರುಸೊತ್ತಿದ್ದರೆ ನಾನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಹುಡುಗಿಯರು ತಮ್ಮ ತಮ್ಮ ಊರಿನ ಬಾವಿ, ಬೋರ್‌ವೆಲ್‌ಗಳಿಂದ ಬಾಟಲಿಯಲ್ಲಿ ತಂದ ನೀರಿಗೆ ಸೂಚಕವಾಗಿ ಪೊಟ್ಯಾಸಿಯಂ ಕ್ರೋಮೇಟ್ ಬೆರೆಸಿ, ಕ್ಲೋರೈಡ್ ಅಳೆಯಲು ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ, ಅದರ ಹಳದಿ ಬಣ್ಣ ಇಟ್ಟಿಗೆಗೆಂಪಿಗೆ ತಿರುಗುವ ಗಳಿಗೆಗಾಗಿ ಕಾಯುತ್ತಿರುತ್ತಾರೆ. ಬಂದ ಅಂಕಿಯನ್ನು ಅದೇ ಊರಿನ ಇನ್ನೆರಡು ಬಾವಿಗಳ ಅಂಕಿಯೊಂದಿಗೆ ಹೋಲಿಸುವವರೆಗೆ ನೀರು ಕೆಟ್ಟಿದೆ ಎಂದು ಬರೆಯಲು ನಾನು ಬಿಡುವುದಿಲ್ಲ, ಏಕೆಂದರೆ ನಮ್ಮ ಕಡೆ ನೆಲದೊಳಗಿನ ಕಲ್ಲುಮಣ್ಣಿನಿಂದಲೂ ಕ್ಲೋರೈಡ್ ನೀರಿಗೆ ಸೇರುತ್ತದೆ.